ತಂಬಿಗೆ ತುಂಬಿಯೇ ಇತ್ತು

ನಿನ್ನೆ ನಮ್ಮ ಮೊಮ್ಮಗಳು ಮನೆಗೆ ಬಂದಳು! ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಓದುವಾಗ ನಿಮ್ಮ ಎದೆ ಡವಡವ ಅಂದರೆ ಈ ಸಾಲಿಗೆ ತಿರುಗಿ ಬನ್ನಿ. ಬಂದಳು, ಉಸಿರಾಡುತ್ತ ಬಂದಳು. ಠಾಣೆ ಪಟ್ಟಣದ ದವಾಖಾನೆಯಿಂದ ಡೊಂಬಿವಲಿಯ ನಮ್ಮ ಚಾಳಿನ ತನಕ ತಾಯಿಯ ಎದೆಗೆ ಅಂಟಿಕೊಂಡು, ದಾರಿಯ ಒಂದೊಂದು ಹೊಂಡಕ್ಕೂ ಮೂಗು ಮುರಿಯುತ್ತ ಬಂದಳು. ಆ ಮೂಗು ನನ್ನದೇ. ಯಾರು ಏನೇ ಅನ್ನಲಿ, ಅದು ಅಜ್ಜಿಯ ಮೂಗು.

ನಾನು ನೀಲವ್ವ. ವಿಜಯಪುರ ಜಿಲ್ಲೆಯವಳು, ಮದುವೆಯಾದ ವರ್ಷವೇ ಗಂಡನ ಹಿಂದೆ ಈ ಕಡೆ ಬಂದೆ. ನಾಲ್ಕನೇ ಇಯತ್ತೆಯ ತನಕ ಕಲಿತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಮ್ಮ ಮನೆಯವರು ಕಲ್ಯಾಣದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ನಾನು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ಮಗ ಮಹಾಂತೇಶ ಖಾರಘರದ ದೊಡ್ಡ ದೊಡ್ಡ ಕಟ್ಟಡಗಳ ನೆಲಕ್ಕೆ ಫರಸಿ ಕಲ್ಲು ಕೂಡಿಸುತ್ತಾನೆ. ಸೊಸೆ ಪೂಜಾ ಉಲ್ಹಾಸನಗರದಲ್ಲಿ ಹುಟ್ಟಿ ಬೆಳೆದವಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಾನು ಬೈದರೂ ಹಿಂದಿಯಲ್ಲೇ ನಗುತ್ತಾಳೆ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಆ ದವಾಖಾನೆಯ ವಾರ್ಡಿನಲ್ಲಿ ಮಲಗಿದ್ದ ಒಬ್ಬೊಬ್ಬ ಹೆಣ್ಣುಮಗಳೂ ಇಂಥದ್ದು ಆದದ್ದು ತನಗೊಬ್ಬಳಿಗೇ ಅಂದುಕೊಂಡಿದ್ದಳು. ನಾವೂ ಹಾಗೇ ಅಂದುಕೊಂಡಿದ್ದೆವು.

ನಮ್ಮ ಕಡೆ ಬಸುರಿಗೆ ಏಳನೇ ತಿಂಗಳಲ್ಲಿ ಊರಿಗೆಲ್ಲ ಹೇಳಿ ಕುಬಸ ಮಾಡುತ್ತಾರೆ. ಅದಕ್ಕೂ ಮೊದಲು ಐದರಲ್ಲಿ ಒಂದು ಕಳ್ಳ ಕುಬಸ ಇರುತ್ತದೆ. ತವರಿನವರು ಸದ್ದಿಲ್ಲದೆ ಬಂದು, ಬಾಗಿಲು ಹಾಕಿಕೊಂಡು, ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿಯಲ್ಲಿ ಹಸಿರು ಖಣ ಹಾಕಿ, ಸಿಹಿ ತಿನ್ನಿಸಿ ಹೋಗುತ್ತಾರೆ. ಕೆಟ್ಟ ಕಣ್ಣು ಬೀಳಬಾರದು ಅಂತ ಈ ಕಳ್ಳತನ. ಆದರೆ ನಮ್ಮ ಚಾಳಿನಲ್ಲಿ ಒಂದು ಮನೆಯ ಒಗ್ಗರಣೆಗೆ ನಾಲ್ಕು ಮನೆ ಸೀನುತ್ತವೆ. ಅಲ್ಲಿ ಕಳ್ಳತನ ಎಲ್ಲಿಂದ ಬರಬೇಕು! ನಮ್ಮ ಬೀಗತಿ, ಅಂದರೆ ಪೂಜಾಳ ತಾಯಿ ಶಾಂತವ್ವ, ಉಲ್ಹಾಸನಗರದಿಂದ ಬುಟ್ಟಿ ಮುಚ್ಚಿಕೊಂಡು ಬಂದಾಗ ಪಕ್ಕದ ಮನೆಯ ಮರಾಠಿ ಮುದುಕಿ ಬಾಗಿಲಲ್ಲೇ ನಿಂತು, "ಕಾಯ್ ಗ, ಬಾಂಗಡ್ಯಾ ಹಿರವ್ಯಾ ಕಾ?" ಅಂತ ಕಣ್ಣು ಹೊಡೆದಳು. ಬಳೆ ಹಸಿರೇ ಏನು ಅಂತ ಕೇಳಿದ್ದು. ಬೀಗತಿ ಬುಟ್ಟಿಯನ್ನು ಇನ್ನೂ ಬಿಗಿ ಮುಚ್ಚಿದಳು.

ಪೂಜಾಳನ್ನು ಮಣೆಯ ಮೇಲೆ ಕೂಡಿಸಿದೆವು. ಮಣೆಯ ಬಲಕ್ಕೆ ತಂಬಿಗೆಯಲ್ಲಿ ನೀರು ತುಂಬಿ ವೀಳ್ಯದೆಲೆ ಇಟ್ಟವಳು ನಾನೇ. ನನ್ನ ಮಗಳು ರೇಣುಕಾ ಆರತಿ ಎತ್ತಿದಳು. ಎಲ್ಲ ಮುಗಿದು ಪೂಜಾ ಎದ್ದಾಗ ಮಣೆ ಒದ್ದೆ. ಹಸಿರು ಸೀರೆಯ ಹಿಂಭಾಗ ಒದ್ದೆ. ನೆಲದ ಮೇಲೆ ನೀರು ಸಣ್ಣಗೆ ಹರಿದು ಹೊಸ್ತಿಲ ಕಡೆ ಹೊರಟಿತ್ತು.

"ಏ ರೇಣುಕಾ, ಕಾಲು ನೋಡಿ ಇಡಬಾರದೇನಽ? ತಂಬಿಗಿ ಒದ್ದಿ ನೋಡು!" ಅಂತ ಬೀಗತಿ ಅಂದಳು.

"ನಾ ಎಲ್ಲಿ ಒದ್ದೀನ್ರಿ? ನನ್ನ ಕಾಲು ಇಲ್ಲೇ ಐತಿ," ಅಂದಳು ರೇಣುಕಾ.

"ಕಾಲು ಅಲ್ಲೇ ಐತಿ, ಕಣ್ಣು ಹೋಳಿಗಿ ಬುಟ್ಟ್ಯಾಗ ಐತಿ."

ಎಲ್ಲರೂ ನಕ್ಕೆವು. ನೀರು ಚೆಲ್ಲಿದರೆ ಶುಭ, ಗಂಗಮ್ಮ ತಾನೇ ಬಂದಳು ಅಂತ ಬೀಗತಿಯೇ ಮತ್ತೆ ಸಮಾಧಾನ ಹೇಳಿದಳು. ಖಾಲಿ ತಂಬಿಗೆ ಹಾಗೇ ಬಿಡಬಾರದು, ಮತ್ತೆ ತುಂಬಿ ಇಡೋಣ ಅಂತ ನಾನು ಅದನ್ನು ಎತ್ತಲು ಬಗ್ಗಿದೆ.

ತಂಬಿಗೆ ತುಂಬಿಯೇ ಇತ್ತು. ಕಂಠದ ತನಕ. ಎಲೆಗಳು ನಾನು ಇಟ್ಟ ಹಾಗೇ ಇದ್ದವು, ಅವುಗಳ ತುದಿಯೂ ಅಲುಗಿರಲಿಲ್ಲ.

ನಾನು ತಲೆ ಎತ್ತಿ ಪೂಜಾಳನ್ನು ನೋಡಿದೆ. ಅವಳು ತನ್ನ ಪಾದ ನೋಡುತ್ತಿದ್ದಳು. ನಗು ಇನ್ನೂ ಮನೆಯಲ್ಲಿ ಇತ್ತು, ಅವಳ ಮುಖದ ಮೇಲೆ ಮಾತ್ರ ಇರಲಿಲ್ಲ.

"ಅತ್ತೀ, ರುಕ್ ನಹೀಂ ರಹಾ," ಅಂದಳು. ನಿಲ್ಲುತ್ತಿಲ್ಲ ಅಂತ.

"ಉಚ್ಚಿ ಇರಬೇಕು ಬಿಡ. ಕೂಸು ಒತ್ತಿರತೈತಿ," ಅಂದಳು ಬೀಗತಿ. ನಾನು ಬಗ್ಗಿ ಸೀರೆಯ ಒದ್ದೆ ಅಂಚನ್ನು ಮೂಸಿ ನೋಡಿದೆ. ನನಗೆ ಏನೂ ಹತ್ತಲಿಲ್ಲ. ಮದುವೆಗೂ ಮುಂಚಿನಿಂದ ತಪಕೀರು ಏರಿಸಿದ ಮೂಗು ನನ್ನದು. ನಶ್ಯ ಅಂತಾರಲ್ಲ, ಅದೇ. ಹಿಟ್ಟು ಹಳಸಿದೆಯೋ ಇಲ್ಲವೋ ಅಂತ ನೋಡಲು ಸಹ ನಾನು ನಮ್ಮ ಮನೆಯವರ ಮೂಗನ್ನೇ ಕರೆಯುತ್ತಿದ್ದೆ. ರೇಣುಕಾ ಬಗ್ಗಿ ಮೂಸಿದಳು.

"ಯವ್ವಾ, ಇದು ಉಚ್ಚಿ ಅಲ್ಲ."

ಆರತಿ ತಟ್ಟೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ನಾವು ಹಾಗೇ ಬಿಟ್ಟು ಹೊರಟೆವು.

ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರು ನೋಡಿದರು, ಕೈ ತೊಳೆದುಕೊಂಡರು. ತಿರುಗಿ ಬರುವ ತನಕ ನಮ್ಮ ಮುಖ ನೋಡಲಿಲ್ಲ. ಇಷ್ಟು ಸಣ್ಣ ಕೂಸನ್ನು ಇಡುವ ಕಾಚಿನ, ಅಂದರೆ ಗಾಜಿನ, ಪೆಟ್ಟಿಗೆ ನಮ್ಮಲ್ಲಿಲ್ಲ, ಠಾಣೆಯ ದೊಡ್ಡ ದವಾಖಾನೆಗೆ ಹೋಗಿ, ಈಗಲೇ ಹೋಗಿ, ಇವಳನ್ನು ನಡೆಸಬೇಡಿ ಅಂದರು. ಅಂಬುಲನ್ಸಿನಲ್ಲಿ ಪೂಜಾ ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ಅರಿಶಿನ ಕುಂಕುಮದಲ್ಲಿ ಮಲಗಿದ್ದಳು. ಹೊರಗೆ ಮಳೆಗಾಲದ ಮೊದಲ ಜೋರು ಮಳೆ. ರಸ್ತೆಯ ಮೇಲೆ ನೀರು, ಗಟಾರಿನಲ್ಲಿ ನೀರು, ಗಾಡಿಯ ಕಾಚಿನ ಮೇಲೆ ನೀರು. ಬೇಕಾದ ಒಂದೇ ಕಡೆ ಅದು ಬರಿದಾಗುತ್ತಿತ್ತು.

ಠಾಣೆಯ ಡಾಕ್ಟರ್ ಬಾಯಿ, ಲೇಡಿ ಡಾಕ್ಟರಿಗೆ ಇಲ್ಲಿ ಹಾಗೇ ಅನ್ನುತ್ತಾರೆ, ಸಣ್ಣ ವಯಸ್ಸಿನವರು. ಮರಾಠಿಯಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕೂಸಿನ ಸುತ್ತಲಿನ ನೀರಿನ ಚೀಲ ಒಡೆದಿದೆ. ಸ್ವಲ್ಪವೇ ನೀರು ಉಳಿದಿದೆ. ಈಗ ಹುಟ್ಟಿದರೆ ಕೂಸು ಉಳಿಯುವುದಿಲ್ಲ. ಕಾಯಬಹುದು, ಒಂದೊಂದು ದಿನ ಕಳೆದಷ್ಟೂ ಅದಕ್ಕೆ ಬಲ ಬರುತ್ತದೆ. ಆದರೆ ಒಡೆದ ಚೀಲದೊಳಗೆ ನಂಜು ಏರಬಹುದು. ಏರಿದರೆ ಅದು ತಾಯಿಯ ಜೀವಕ್ಕೇ ಬರುತ್ತದೆ. ಕಾಯುವುದು ಬೇಡ ಅನ್ನಿಸಿದರೆ ಈಗಲೇ ನೋವು ಬರಿಸಿ ತೆಗೆಯಬಹುದು. ಕಾದರೂ ಕೂಸು ಉಳಿಯುತ್ತದೆ ಅಂತ ನಾನು ಮಾತು ಕೊಡುವುದಿಲ್ಲ ಅಂದರು.

ವರಾಂಡಕ್ಕೆ ಬಂದ ಕೂಡಲೇ ಬೀಗತಿ ನನ್ನ ಕೈ ಹಿಡಿದು ಗೋಡೆಯ ಕಡೆ ಎಳೆದಳು.

"ತೆಗೀಲಿ, ನೀಲಕ್ಕಾ. ನನ್ನ ಮಗಳು ಉಳಿದರ ನಾಳಿ ಮತ್ತ ಹಡೀತಾಳ."

"ಹಂಗ ಅನಬ್ಯಾಡ್ರಿ ಬೀಗತಿ. ಅದರ ಎದಿ ಇನ್ನೂ ಬಡ್ಯಾಕತ್ತೈತಿ."

"ನಿಮಗ ಮೊಮ್ಮಗ ಬೇಕು, ನನಗ ಮಗಳು ಬೇಕು. ಇಷ್ಟ ಐತಿ ಮಾತು."

ಆ ಮಾತು ನನಗೆ ಚುಚ್ಚಿತು, ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ನನಗೆ ಮೊಮ್ಮಗು ಬೇಕಾಗಿತ್ತು. ಕೆಲಸ ಬಿಟ್ಟು ಓಡಿ ಬಂದಿದ್ದ ಮಹಾಂತೇಶ ಇಬ್ಬರ ನಡುವೆ ನಿಂತು ನೆಲ ನೋಡುತ್ತಿದ್ದ, ಫರಸಿ ಕೂಡಿಸುವವನಿಗೆ ನೆಲ ನೋಡುವುದು ರೂಢಿ. ಕೊನೆಗೆ ಒಳಗಿನಿಂದ ಪೂಜಾಳೇ ಕೂಗಿದಳು.

"ಮಮ್ಮೀ, ಬಸ್ ಕರ್! ಪೇಟ್ ಮೇರಾ ಹೈ." ಸಾಕು ಮಾಡು, ಹೊಟ್ಟೆ ನನ್ನದು ಅಂತ. ನಾವು ಒಳಗೆ ಹೋದ ಮೇಲೆ ಡಾಕ್ಟರ್ ಬಾಯಿಗೆ ಹೇಳಿದಳು, ತಾನು ಕಾಯುತ್ತೇನೆ, ಆದರೆ ನಂಜು ಏರಿತು ಅಂತ ಗೊತ್ತಾದ ದಿನವೇ ತೆಗೆಯಿರಿ, ಆಗ ಯಾರನ್ನೂ ಕೇಳಬೇಡಿ. ಹೇಳಿ ಮುಗಿಸಿ ನನ್ನ ಕಡೆಗೂ ನೋಡಿದಳು. ಕೇಳಿಸಿತಲ್ಲ, ಅಂತ ಕೇಳಿದ ಹಾಗೆ.

ಹೀಗೆ ನಮ್ಮ ಕಾಯುವಿಕೆ ಶುರುವಾಯಿತು. ಮಂಚದ ಕಾಲ ಕಡೆ ಎತ್ತರ ಮಾಡಿದರು. ಏಳಬಾರದು, ಕೂಡಬಾರದು, ಜೋರಾಗಿ ಕೆಮ್ಮಬಾರದು. ಸಿಸ್ಟರ್ ಒಬ್ಬರು, ಕೊಂಕಣದವರು, ತಲೆ ಅರ್ಧ ಬೆಳ್ಳಗಾದವರು, ನನಗೆ ಪಾಠ ಹೇಳಿದರು. ಮೈ ಬಿಸಿಯಾದರೆ ಹೇಳು. ಹೊಟ್ಟೆ ಗಟ್ಟಿಯಾದರೆ ಹೇಳು. ಕೂಸಿನ ಎದೆ ನಾವು ನೋಡುತ್ತೇವೆ. ಹೋಗುವ ನೀರಿನ ಬಣ್ಣ, ವಾಸನೆ ನೀನು ನೋಡು, ವಾಸನೆ ಬದಲಾದರೆ ಎಲ್ಲಕ್ಕಿಂತ ಮೊದಲು ಓಡಿ ಬಾ. ಅಷ್ಟು ಹೇಳಿ ಅವರು ನನ್ನ ಮುಖದ ಹತ್ತಿರ ಬಂದು ಮೂಗಿನ ಹೊಳ್ಳೆ ನೋಡಿದರು.

"ಆಜೀ, ತಪಕೀರ?"

ನಾನು ತಲೆ ತಗ್ಗಿಸಿದೆ. ಬೀಗತಿಗೆ ಬಾಯಿ ಸಿಕ್ಕಿತು.

"ಈ ಮೂಗಿನ ಮ್ಯಾಲ ನನ್ನ ಮಗಳ ಜೀವಾ ಇಡತೀರೇನು? ಇದಕ್ಕ ಗಟಾರದ ವಾಸನಿನೂ ಹತ್ತೂದಿಲ್ಲ. ಹತ್ತಿದರೂ ಹೇಳತಾರಂತ ಯಾರಿಗೆ ಗೊತ್ತು?"

ಆ ಕೊನೆಯ ಮಾತನ್ನು ಅವಳು ಸಣ್ಣ ದನಿಯಲ್ಲಿ ಅಂದಳು. ಆದರೂ ಅಂದಳು. ನಾನು ಸೊಂಟದ ಸಂಚಿಯಿಂದ ತಪಕೀರಿನ ಡಬ್ಬಿ ತೆಗೆದೆ. ಹಿಂದಿನ ಸಂತೆಯಲ್ಲೇ ತುಂಬಿಸಿದ್ದ ಡಬ್ಬಿ ಅದು. ಅವಳ ಅಂಗೈಯಲ್ಲಿ ಇಟ್ಟೆ.

"ನಿಮ್ಮ ಕಡೆನೇ ಇರಲಿ. ಕೂಸು ಮನಿಗೆ ಬಂದ ದಿನ ಕೊಡ್ರಿ. ಬರಲಿಲ್ಲಂದ್ರ ಕೊಡಬ್ಯಾಡ್ರಿ."

ತಪಕೀರು ಬಿಟ್ಟವರಿಗೆ ಗೊತ್ತು ಆ ಪಾಡು. ತಲೆ ಸಿಡಿಯಿತು, ಕಣ್ಣಲ್ಲಿ ನೀರು ಸುರಿಯಿತು. ವಾರ್ಡಿನ ಹೆಂಗಸರು ನಾನು ಅಳುತ್ತೇನೆ ಅಂದುಕೊಂಡು ಸಮಾಧಾನ ಹೇಳಿದರು. ಆಮೇಲೆ ಒಂದು ಮುಂಜಾನೆ ಫಿನೈಲಿನ ವಾಸನೆ ಬಡಿಯಿತು. ಅದರ ಮರುದಿನ ಪೂಜಾಳ ತಲೆಯೆಣ್ಣೆ. ಆಮೇಲೆ ಕಿಟಕಿಯಾಚೆಯ ತೊಯ್ದ ಗೋಡೆ, ಆಯಾಳ ಬಾಯೊಳಗಿನ ಲವಂಗ, ಬೀಗತಿ ತಂದ ಸಾರಿನಲ್ಲಿ ಇಂಗು ಹೆಚ್ಚಾದದ್ದು. ಕೊನೆಗೆ ಆ ನೀರಿನದು. ಎಳೆ ಜೋಳದ ತೆನೆಯ ಕಾಳು ಉಗುರಿನಿಂದ ಹಿಸುಕಿದರೆ ಹಾಲು ಬರುತ್ತದಲ್ಲ, ಅದರ ವಾಸನೆ. ಹಿತವಾದದ್ದು, ಹಸಿಯಾದದ್ದು. ಅದೇ ವಾಸನೆ ಇರುವ ತನಕ ನಾವು ಬದುಕಿದೆವು ಅಂತ ನನಗೆ ಗೊತ್ತಾಯಿತು. ಪ್ಯಾಡು ಬದಲಿಸಿದಾಗಲೆಲ್ಲ ಮೂಸುತ್ತಿದ್ದೆ. ಇದನ್ನು ಓದಿ ಅಸಹ್ಯಪಡುವವರು ಪಡಲಿ. ಅಂಥ ಮಂಚದ ಪಕ್ಕ ಕೂತವರು ಪಡುವುದಿಲ್ಲ.

ಪಕ್ಕದ ಮಂಚದಲ್ಲಿ ಖಾರಘರದ ಒಬ್ಬ ಹುಡುಗಿ ಇದ್ದಳು, ಆಫೀಸಿಗೆ ಹೋಗುವವಳು. ಅವಳದೂ ಇದೇ ಕಥೆ, ಲಿಫ್ಟಿನಲ್ಲಿ ನಿಂತಾಗ ನೀರು ಹೋಗಿತ್ತಂತೆ. ಇಬ್ಬರೂ ಮಲಗಿದಲ್ಲಿಂದಲೇ ಮಾತಾಡುತ್ತಿದ್ದರು, ಮುಖ ಮೇಲೆ ಮಾಡಿ, ಫ್ಯಾನಿನ ಜೊತೆ ಮಾತಾಡಿದ ಹಾಗೆ. ತನ್ನ ಬಾಳೆಹಣ್ಣಿನ ಅರ್ಧ ಅವಳು ಪೂಜಾಗೆ ಕೊಡುತ್ತಿದ್ದಳು, ಯಾವಾಗಲೂ ದೊಡ್ಡ ಅರ್ಧ. ಒಂದು ಬೆಳಿಗ್ಗೆ ನಾನು ಚಹಾ ತರಲು ಹೋಗಿ ಬಂದಾಗ ಆ ಮಂಚದ ಮೇಲೆ ಹೊಸ ಚಾದರ ಹಾಸಿದ್ದರು, ಮಡಿಕೆಯ ಗೆರೆ ಕೂಡ ಹೋಗಿರಲಿಲ್ಲ. ಸಿಸ್ಟರ್ ಚಾದರದ ಅಂಚು ಎಳೆಯುತ್ತ, "ತೀ ಘರೀ ಗೇಲೀ," ಅಂದರು. ಮನೆಗೆ ಹೋದಳು ಅಂತ. ಹೇಗೆ ಹೋದಳು ಅಂತ ನಾನು ಕೇಳಲಿಲ್ಲ. ಬೇರೆ ವಾರ್ಡಿಗೆ ಹಾಕಿದ್ದಾರೆ ಅಂತ ಪೂಜಾಗೆ ಸುಳ್ಳು ಹೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನ ಬಾಳೆಹಣ್ಣು ತಿನ್ನಲಿಲ್ಲ.

ಆ ಹುಡುಗಿ ಇದನ್ನು ಓದುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಅವಳ ವಿಷಯ ಬರೆಯದೆ ನಮ್ಮ ಸಂತೋಷ ಬರೆದರೆ ಉಂಡದ್ದು ಅರಗುವುದಿಲ್ಲ.

ಸುದ್ದಿ ತಿಳಿದವರೆಲ್ಲ ಔಷಧ ಹೇಳಿದರು. ಊರಿನಿಂದ ಫೋನು ಮಾಡಿದವರು ಎಳನೀರು ಕುಡಿಸಿ, ಒಳಗೆ ನೀರು ತುಂಬುತ್ತದೆ ಅಂದರು. ಕಳ್ಳ ಕುಬಸಕ್ಕೆ ಕಣ್ಣು ಬಿತ್ತು ಅಂತ ಚಾಳಿನಲ್ಲಿ ಮಾತಾಯಿತು. ಮಳೆ ಹೆಚ್ಚಾಗಿ ರೈಲುಹಳಿ ಮುಳುಗಿದ ದಿನ ಮಹಾಂತೇಶ ಕಳವಾ ಸ್ಟೇಶನ್ನಿನಿಂದ ಹಳಿಯ ಮೇಲೆ ನಡೆದೇ ಬಂದ, ಮೊಣಕಾಲ ತನಕ ಕೆಸರು. ಬಾಗಿಲಲ್ಲಿ ನಿಲ್ಲಿಸಿ, ಈ ಕಾಲಿನಿಂದ ಒಳಗೆ ಬಂದರೆ ನಂಜು ನೀನೇ ತರುತ್ತೀಯ ಅಂತ ಸಿಸ್ಟರ್ ಗದರಿಸಿ ಕಳಿಸಿದರು. ಅವನು ಕಿಟಕಿಯಿಂದ ಕೈ ಬೀಸಿ ಹೋದ.

ಬೀಗತಿ ಉಲ್ಹಾಸನಗರದಲ್ಲಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ. ಕೆಲಸ ಬೇಗ ಮುಗಿಸಿ ಮಧ್ಯಾಹ್ನದ ಗಾಡಿಗೆ ಬಂದು, ಒಳಗೆ ಇಬ್ಬರನ್ನು ಬಿಡದ ಕಾರಣ ವರಾಂಡದ ಬಾಕಿನ ಮೇಲೆ, ಬೆಂಚು ಅನ್ನಿ, ಕೂತಿರುತ್ತಿದ್ದಳು. ಸಿಸ್ಟರ್ ಕೂಸಿನ ಎದೆ ಕೇಳಿಸುವ ಯಂತ್ರ ತಂದಾಗ ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಆ ಸದ್ದು ಏನು ಅಂತೀರಿ! ನಾನು ಅವಸರದಲ್ಲಿ ರೊಟ್ಟಿ ಬಡಿದ ಹಾಗೆ, ಪಟಪಟಪಟ. ಮೊದಮೊದಲು ಬೀಗತಿ ಕೇಳಿ ಸುಮ್ಮನೆ ಹೋಗುತ್ತಿದ್ದಳು. ಆಮೇಲೆ, "ಸಿಸ್ಟರ್, ಔರ್ ಥೋಡಾ," ಅನ್ನತೊಡಗಿದಳು, ಇನ್ನೂ ಸ್ವಲ್ಪ ಕೇಳಿಸಿ ಅಂತ. ಒಂದು ದಿನ ಅವಳ ಚೀಲದಲ್ಲಿ ಮೆತ್ತನೆಯ ಬಟ್ಟೆಯ ಸಣ್ಣ ಕುಂಚಿಗೆ ಕಂಡಿತು. ಹುಟ್ಟುವ ಮೊದಲು ಕೂಸಿಗೆ ಬಟ್ಟೆ ಹೊಲಿಯಬಾರದು ಅಂತ ನಮ್ಮಲ್ಲಿದೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಅವಳು ಚೀಲದ ಬಾಯಿ ಮುಚ್ಚಿದಳು.

ಏಳನೇ ತಿಂಗಳು ಹಿಡಿಯಿತು. ಡಾಕ್ಟರ್ ಬಾಯಿ ಕೂಸಿನ ಪುಪ್ಪುಸಕ್ಕೆ ಬಲ ಬರಲಿ ಅಂತ ಸೂಜಿ ಕೊಟ್ಟರು, ಇನ್ನೂ ಸ್ವಲ್ಪ ದಿನ ಹೀಗೇ ಹೋದರೆ ಚಲೋ ಅಂದರು. ಅವರು ಚಲೋ ಅಂದದ್ದು ಅದೇ ಮೊದಲು. ನಾವು ಆ ಮಾತನ್ನು ಹಬ್ಬದ ಹಾಗೆ ಹಂಚಿಕೊಂಡೆವು.

ಅದಾದ ಎರಡು ಮೂರು ದಿನಕ್ಕೆ, ಮಧ್ಯಾಹ್ನದ ಊಟ ಆಗಿತ್ತು. ಪೂಜಾ ಫೋನಿನಲ್ಲಿ ಗಂಡನ ಜೊತೆ ಹೆಸರು ಇಡುವ ಜಗಳ ಆಡುತ್ತಿದ್ದಳು. ಮೈ ತಣ್ಣಗಿತ್ತು. ಹೊಟ್ಟೆ ಮೆತ್ತಗಿತ್ತು. ಸಿಸ್ಟರ್ ಬೆಳಿಗ್ಗೆ ಎದೆ ಕೇಳಿಸಿ ಹೋಗಿದ್ದರು. ನಾನು ಪ್ಯಾಡು ತೆಗೆದು, ರೂಢಿಯ ಹಾಗೆ ಮೂಗಿಗೆ ಹಿಡಿದೆ.

ಎಳೆ ತೆನೆಯ ವಾಸನೆ ಇರಲಿಲ್ಲ. ಹಿಟ್ಟಿನ ಡಬ್ಬಿಯ ತಳಕ್ಕೆ ಪಸೆ ಹಿಡಿದು ಮುಗ್ಗಿದಾಗ ಮುಚ್ಚಳ ತೆಗೆದ ಕೂಡಲೇ ಬರುತ್ತದಲ್ಲ, ಅದು. ಸ್ವಲ್ಪವೇ. ಇದೆಯೋ ಇಲ್ಲವೋ ಅನ್ನುವಷ್ಟು. ಮತ್ತೆ ಮೂಸಿದೆ. ಇತ್ತು.

ಬಣ್ಣ ಬದಲಾಗಿರಲಿಲ್ಲ. ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆ ಪ್ಯಾಡನ್ನು ಕೆಂಪು ಡಬ್ಬಕ್ಕೆ ಹಾಕಿ ಕೈ ತೊಳೆದರೆ ಮುಗಿಯಿತು, ಕೂಸಿಗೆ ಇನ್ನೊಂದು ದಿನ ಸಿಗುತ್ತಿತ್ತು. ಚಲೋ ಅಂದ ದಿನಗಳಲ್ಲಿ ಒಂದು. ಹೇಳಿದರೆ ಇವತ್ತೇ ತೆಗೆಯುತ್ತಾರೆ. ಪೂಜಾ ಫೋನಿನಲ್ಲಿ ನಗುತ್ತಿದ್ದಳು. ನಾನು ಪ್ಯಾಡನ್ನು ಕಾಗದದಲ್ಲಿ ಸುತ್ತಿ ವರಾಂಡಕ್ಕೆ ಹೋದೆ. ಬೀಗತಿ ಬಾಕಿನ ಮೇಲೆ ಕೂತಿದ್ದಳು.

"ಶಾಂತಕ್ಕಾ, ಇದನ್ನ ಒಂದೀಟು ಮೂಸಿ ನೋಡ್ರಿ."

ಅವಳು ಕಾಗದ ಬಿಚ್ಚಿ ಮೂಗಿಗೆ ಹಿಡಿದಳು. ತುಂಬಾ ಹೊತ್ತು ಹಿಡಿದಳು.

"ಏನೂ ಇಲ್ಲಲ್ಲ."

"ಸರೀ ನೋಡ್ರಿ. ಮುಗ್ಗಲ ವಾಸನಿ."

"ನನಗೇನೂ ಬರವಲ್ದು, ನೀಲಕ್ಕಾ. ನಿಮಗ ಭ್ರಮಿ ಆಗಿರಬೇಕು." ಆಮೇಲೆ ನನ್ನ ಮೊಣಕೈ ಹಿಡಿದು, "ಡಾಕ್ಟರು ಚಲೋ ಅಂದಾರ. ಪಟಪಟ ಅಂತ ಬಡ್ಯಾಕತ್ತೈತಿ ಅದು, ನೀವೂ ಕೇಳೀರಿ. ನಾಕು ದಿನ ತಡೀರಿ. ಈಗ ತೆಗೆದರ ಸಾಯ್ತೈತಿ," ಅಂದಳು.

ಇದನ್ನು ಹೇಳಿದವಳು ಯಾರು ನೋಡಿ. ಮೊದಲ ದಿನ ತೆಗೀಲಿ ಅಂದವಳೇ. ನಾನು ಅವಳ ಮುಖ ನೋಡಿದೆ. ನನಗೆ ಬೇಕಾದ ಮಾತನ್ನೇ ಅವಳು ಆಡುತ್ತಿದ್ದಳು. ಹೌದು ಅನ್ನಲು ಇಬ್ಬರು ಸಿಕ್ಕಿದ್ದೆವು. ಒಳಗೆ ಪೂಜಾ ನಗುತ್ತಿದ್ದ ಸದ್ದು ಇಲ್ಲಿಯ ತನಕ ಬರುತ್ತಿತ್ತು. ಪೇಟ್ ಮೇರಾ ಹೈ ಅಂದಿದ್ದಳಲ್ಲ. ಹೇಳಿ ಮುಗಿಸಿ ನನ್ನ ಕಡೆ ನೋಡಿದ್ದಳಲ್ಲ.

ನಾನು ಕಾಗದವನ್ನು ಬೀಗತಿಯ ಕೈಯಿಂದ ತೆಗೆದುಕೊಂಡು ಸಿಸ್ಟರ್ ಕೂತಿದ್ದ ಮೇಜಿನ ಕಡೆ ನಡೆದೆ. ಹಿಂದಿನಿಂದ ಬೀಗತಿ, "ನೀಲಕ್ಕಾ! ಏ ನೀಲಕ್ಕಾ!" ಅಂತ ಕೂಗುತ್ತಿದ್ದಳು. ನಾನು ತಿರುಗಲಿಲ್ಲ. ತಿರುಗಿದ್ದರೆ ಹೋಗುತ್ತಿರಲಿಲ್ಲ.

ಸಿಸ್ಟರ್ ಒಂದೇ ಸಲ ಮೂಸಿದರು. ಫೋನು ಎತ್ತಿದರು. ರಕ್ತ ತೆಗೆದರು. ಅದರ ಉತ್ತರ ಬರುವಷ್ಟರಲ್ಲಿ ಪೂಜಾಗೆ ಚಳಿ ಹತ್ತಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಆಪರೇಷನ್ ಕೋಣೆಗೆ ಒಯ್ಯುವಾಗ ಅವಳು ನನ್ನ ಬೆರಳು ಹಿಡಿದಿದ್ದಳು. ಆ ಕೈ ಒಲೆಯಿಂದ ತೆಗೆದ ರೊಟ್ಟಿಯಷ್ಟು ಬಿಸಿ.

ಕೂಸು ಹುಟ್ಟಿದಾಗ ಅಳಲಿಲ್ಲ. ಯಾರೋ ಒಬ್ಬರು ಹಸಿರು ಬಟ್ಟೆಯಲ್ಲಿ ಏನನ್ನೋ ಎದೆಗವಚಿಕೊಂಡು ನಮ್ಮ ಮುಂದೆ ಓಡಿದರು. ಅದೇ ಅವಳು ಅಂತ ಆಮೇಲೆ ತಿಳಿಯಿತು. ಒಂದು ಕಿಲೋ ಹಿಟ್ಟಿನ ಚೀಲಕ್ಕಿಂತ ಒಂದು ಹಿಡಿ ಹೆಚ್ಚು ಅಷ್ಟೇ ಇದ್ದಳಂತೆ.

ಬೀಗತಿ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಬಾಕಿನ ಎರಡು ತುದಿಗೆ ನಾವು ಕೂತೆವು. ಒಳಗೆ ಕೂಸು ಕಾಚಿನ ಪೆಟ್ಟಿಗೆಯಲ್ಲಿ ನಳಿಗೆ ಹಾಕಿಸಿಕೊಂಡು ಮಲಗಿತ್ತು. ಪೂಜಾ ಬೇರೆ ಕೋಣೆಯಲ್ಲಿ ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದಳು. ಎರಡು ಬಾಗಿಲು, ಯಾವುದು ತೆರೆದರೂ ಇಬ್ಬರೂ ಆ ಕಡೆ ತಿರುಗುತ್ತಿದ್ದೆವು. ನಾನು ಹೇಳಬಾರದಿತ್ತೇನೋ, ನಾಲ್ಕು ದಿನ ತಡೆದಿದ್ದರೆ ಆ ಕೂಸಿಗೆ ಇನ್ನಷ್ಟು ಮಾಂಸ ಇರುತ್ತಿತ್ತೇನೋ ಅಂತ ನನಗೇ ಅನ್ನಿಸುತ್ತಿತ್ತು. ಬೀಗತಿ ಬಾಯಿ ಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಪೂಜಾಳ ಜ್ವರ ಇಳಿದ ದಿನ ಡಾಕ್ಟರ್ ಬಾಯಿ ನಮ್ಮಿಬ್ಬರನ್ನೂ ನಿಲ್ಲಿಸಿ ಮಾತಾಡಿದರು. ಚೀಲದೊಳಗೆ ನಂಜು ಆಗಲೇ ಏರಿತ್ತು, ಜ್ವರ ಬರಲಿ ಅಂತ ಕಾದಿದ್ದರೆ ಇಬ್ಬರಲ್ಲಿ ಯಾರನ್ನು ಉಳಿಸುತ್ತಿದ್ದೆವೋ ಗೊತ್ತಿಲ್ಲ ಅಂದರು. ಅವರು ಹೋದ ಮೇಲೆ ಬೀಗತಿ ಎದ್ದು ಹೊರಗೆ ಹೋದಳು. ಬಂದಾಗ ಕೈಯಲ್ಲಿ ಎರಡು ಚಹಾ.

"ಕುಡೀರಿ," ಅಂದಳು. "ಆರತೈತಿ."

ಅಷ್ಟೇ. ಅದು ನನಗೆ ಸಾಕಾಯಿತು.

ಆದರೆ ಕೂಸಿನ ಭಯ ಮುಗಿದಿರಲಿಲ್ಲ. ಇಂಥ ಕೂಸುಗಳು ಉಸಿರಾಡುವುದನ್ನು ಮರೆಯುತ್ತವೆ, ನಿಮಗೆ ಗೊತ್ತೇ? ಮಲಗಿದಲ್ಲೇ ಮರೆತುಬಿಡುತ್ತವೆ. ಯಂತ್ರ ಕೂಗುತ್ತದೆ, ಸಿಸ್ಟರ್ ಬಂದು ಅಂಗಾಲು ತಟ್ಟುತ್ತಾರೆ, ಆಗ ನೆನಪಾಗುತ್ತದೆ. ಆ ಯಂತ್ರದ ಕೂಗು ಈಗಲೂ ನನ್ನ ಕಿವಿಯಲ್ಲಿದೆ, ಬೀದಿಯಲ್ಲಿ ಗಾಡಿ ಹಿಂದೆ ಬರುವ ಸದ್ದು ಕೇಳಿದರೂ ಎದ್ದು ನಿಲ್ಲುತ್ತೇನೆ. ಪೂಜಾ ಹಾಲು ಹಿಂಡಿ ಹನಿಹನಿಯಾಗಿ ನಳಿಗೆಯಲ್ಲಿ ಬಿಡುತ್ತಿದ್ದಳು. ಆಮೇಲೆ ಕೂಸನ್ನು ಬರಿ ಎದೆಗೆ ಕಟ್ಟಿಕೊಳ್ಳಲು ಹೇಳಿದರು. ಅವಳು ದಣಿದಾಗ ನನ್ನ ಸರದಿ. ಸಿಸ್ಟರ್ ನನ್ನ ಮೂಗು ತಪಾಸಣೆ ಮಾಡಿ, "ತಪಕೀರ ನಾಹೀ ನಾ?" ಅಂತ ನಕ್ಕು ಕೂಸನ್ನು ಎದೆಯ ಮೇಲೆ ಇಟ್ಟ ದಿನ, ನಾನು ಕೂಸಿನ ನೆತ್ತಿ ಮೂಸಿದೆ.

ಎಳೆ ತೆನೆಯ ವಾಸನೆ. ಅದೇ. ಎಲ್ಲಿ ಹೋಗಿತ್ತೋ ಅದು, ಅಲ್ಲಿತ್ತು.

ಹೀಗೆ ಮಳೆಗಾಲ ಕಳೆಯಿತು, ಗಣಪತಿ ಬಂದು ಹೋದ, ನಳಿಗೆಗಳು ಒಂದೊಂದಾಗಿ ಹೋದವು. ನಿನ್ನೆ ಬಿಟ್ಟರು. ಕಣ್ಣು, ಕಿವಿ ತೋರಿಸಲು ಮತ್ತೆ ಮತ್ತೆ ಬರಬೇಕು, ಕೆಮ್ಮುವವರನ್ನು ಹತ್ತಿರ ಬಿಡಬಾರದು ಅಂದಿದ್ದಾರೆ. ಚಾಳಿನ ಬಾಗಿಲಲ್ಲಿ ನಮ್ಮ ಮನೆಯವರು ಕೋಲು ಹಿಡಿದು ನಿಂತಿದ್ದರು. ಪಕ್ಕದ ಮುದುಕಿಗೂ ದೂರದಿಂದಲೇ ದರ್ಶನ.

ಇದನ್ನು ಓದುವ ಹೆಣ್ಣುಮಕ್ಕಳಿಗೆ ಒಂದೇ ಮಾತು. ಒದ್ದೆಯಾದರೆ ನಾಚಬೇಡಿ, ತಂಬಿಗೆ ಚೆಲ್ಲಿರಬೇಕು ಅಂದುಕೊಳ್ಳಬೇಡಿ. ಹೋಗಿ ತೋರಿಸಿ.

ಸಂಜೆಗೆ ಬೀಗತಿ, ರೇಣುಕಾ ಬಂದರು. ನಾನು ತಿಂಗಳುಗಟ್ಟಲೆ ಆದ ಮೇಲೆ ನಮ್ಮ ಮನೆಗಾಗಿ ರೊಟ್ಟಿ ಬಡಿದೆ. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗೋಧಿ ಮಾದಲಿ, ಬಿಸಿ ಹಾಲು. ನಮ್ಮಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು. ನಿನ್ನೆ ನಮ್ಮ ಮನೆಯವರು ತಟ್ಟೆಯ ಮುಂದೆ ಕೂತು, "ಇವತ್ತ ಹಿಂದಿನ ಪಂಗತಿ ಇಲ್ಲ. ಎಲ್ಲಾರೂ ಕೂಡ್ರಿ," ಅಂದರು. ಆ ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಕೂಸು ಬೀಗತಿ ಹೊಲಿದ ಕುಂಚಿಗೆಯಲ್ಲಿ ಮಂಚದ ಮೇಲೆ ಮಲಗಿತ್ತು. ಕುಂಚಿಗೆ ಇನ್ನೂ ದೊಡ್ಡದೇ ಆಗುತ್ತದೆ.

ಬೀಗತಿ ತನ್ನ ಸಂಚಿಯಿಂದ ನನ್ನ ಡಬ್ಬಿ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. "ತಗೋರಿ. ಮಾತು ಕೊಟ್ಟಿದ್ದೆ."

ನಾನು ಮುಚ್ಚಳ ತೆಗೆದೆ.

"ಬೀಗತಿ, ಇದು ಖಾಲಿ ಐತಿ."

"ಹೌದೇನು? ಆರಿರಬೇಕು."

"ತಪಕೀರು ಆರಾಕ ಅದೇನು ನೀರೇನ್ರಿ?"

ಮಹಾಂತೇಶ ರೊಟ್ಟಿ ಬಾಯಿಗೆ ಒಯ್ಯುತ್ತಿದ್ದವನು ಅರ್ಧಕ್ಕೇ ತಡೆದ. "ಯವ್ವಾ, ಅತ್ತಿ ಮೂಗು ನೋಡಽ!"

ಬೀಗತಿ ಸೆರಗು ಮುಚ್ಚಿಕೊಂಡಳು. "ಏನ್ ಮಾಡಲಿ? ಆ ಬಾಕಿನ ಮ್ಯಾಲ ಕುಂತು ಕುಂತು ತಲಿ ಒಡ್ಯಾಕತ್ತಿತ್ತು. ಮೊದಲನೇ ವಾರ ಒಂದು ಚಿಟಿಕಿ ಹಾಕೊಂಡೆ. ಆಮ್ಯಾಲ ಕೈ ತಾನಽ ಹೋಗತಿತ್ತು." ಕೋಣೆಯೆಲ್ಲ ನಗು. ರೇಣುಕಾಗೆ ರೊಟ್ಟಿ ನೆತ್ತಿಗೇರಿತು. ನಾನೂ ನಕ್ಕೆ. ನಗುತ್ತಿದ್ದ ಹಾಗೇ ಆ ಮಧ್ಯಾಹ್ನ ನೆನಪಾಯಿತು. ವರಾಂಡ, ಬಿಚ್ಚಿದ ಕಾಗದ, ನನಗೇನೂ ಬರವಲ್ದು ಅಂದದ್ದು. ಬೀಗತಿಯ ಕಡೆ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ಅವಳ ಕೈಯ ತುತ್ತು ತಟ್ಟೆಗೆ ಇಳಿಯಿತು. ಉಳಿದವರು ಇನ್ನೂ ನಗುತ್ತಿದ್ದರು, ನಾವಿಬ್ಬರೂ ನಗಲಿಲ್ಲ.

ಆ ಗದ್ದಲಕ್ಕೆ ಕೂಸು ಎದ್ದು ಅಳತೊಡಗಿತು. ಬೆಕ್ಕಿನ ಮರಿಯ ದನಿ ಹೋಗಿ ಈಗ ಅದಕ್ಕೆ ಮನುಷ್ಯರ ದನಿ ಬಂದಿದೆ. ಪೂಜಾ ಏಳಲು ಹೋದಳು. ಬೀಗತಿ ಅವಳ ತೋಳು ಹಿಡಿದಳು.

"ತಡಿಯವ್ವ. ಒಂದು ತುತ್ತಿನಷ್ಟು ಅಳಲಿ. ಕೇಳೂಣು."

ಎಲ್ಲರೂ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಕೇಳಿದೆವು.

ಆಮೇಲೆ ಪೂಜಾ ಎದ್ದು ಅವಳನ್ನು ಎತ್ತಿಕೊಂಡು ಗೋಡೆಗೆ ಆತು ಕೂತಳು, ಸೆರಗು ಹೊದಿಸಿದಳು. "ಅಕಿಗೂ ಹಸಿವ್ಯಾಗೈತಿ," ಅಂದಳು, ಕನ್ನಡದಲ್ಲಿ. "ನೀವ್ ಉಣ್ರಿ."

ಅಳು ನಿಂತು ಚೀಪುವ ಸದ್ದು ಬಂತು. ನಾನು ಬಿಸಿ ರೊಟ್ಟಿ ಮುರಿದು, ಬದನೆಕಾಯಿ ಹಚ್ಚಿ ಪೂಜಾಳ ಬಾಯಿಗೆ ಇಟ್ಟೆ. ಇನ್ನೊಂದು ತುತ್ತು ಬೀಗತಿಯ ಬಾಯಿಗೆ. ಹೀಗೆ ನಮ್ಮ ಮನೆಯಲ್ಲಿ ಒಬ್ಬರೂ ಹಿಂದೆ ಉಳಿಯದ ಹಾಗೆ ಎಲ್ಲರೂ ಒಟ್ಟಿಗೆ ಉಂಡೆವು.